ಪಿ.ಜೆ. ಬಡಾವಣೆ ಎಂಬ ಪರದೇಶದಲ್ಲಿ ಒಂದು ಬೂದುಗುಂಬಳ

ಶಾಂಭವಿ, ಶರಣು,

ನೀವಿಬ್ಬರೂ ಸಿಂಗಪುರ, ಮಲೇಷ್ಯಾ ನೋಡಿ ಬಂದ ಮೇಲೆ ಮನೆಯಲ್ಲಿ ಅದೇ ಮಾತು. ಅಲ್ಲಿ ರಸ್ತೆಯಲ್ಲಿ ಉಗುಳಿದರೆ ಹಿಡಿಯುತ್ತಾರಂತೆ, ಕಟ್ಟಡದ ನೆತ್ತಿಯ ಮೇಲೆ ಈಜುಕೊಳವಂತೆ, ಬಸ್ಸಿನಲ್ಲಿ ಯಾರೂ ಯಾರನ್ನೂ ಯಾವೂರು ಎಂದು ಕೇಳುವುದಿಲ್ಲವಂತೆ. ಎಲ್ಲದಕ್ಕೂ "ಹೌದಾ" ಎಂದೆ. ಆದರೆ ನೀವು ದೇಶ ಬಿಟ್ಟಾಗ ನಾನೂ ದೇಶ ಬಿಟ್ಟಿದ್ದೆ ಎಂಬುದು ಯಾರ ಗಮನಕ್ಕೂ ಬರಲಿಲ್ಲ. ನೀವು ವಿಮಾನದಲ್ಲಿ ಹೋದಿರಿ, ನಾನು ನಮ್ಮೂರು ಕುಕ್ಕುವಾಡದ ಬಸ್ಸಿನಲ್ಲಿ ಹೋದೆ. ನಿಮ್ಮ ಜೊತೆ ಅಪ್ಪ ಅಮ್ಮ ಇದ್ದರು. ನಾನು ಹೋದ ಕಡೆ, ಅಂದರೆ ದಾವಣಗೆರೆ ಪಿ.ಜೆ. ಬಡಾವಣೆಯ ನಿಮ್ಮ ಮನೆಯಲ್ಲಿ, ನನ್ನ ಜೊತೆಗಿದ್ದದ್ದು ಫ್ರಿಡ್ಜ್ ಒಂದೇ. ಅದಕ್ಕೂ ನನಗೂ ಮಾತುಕತೆ ಇರಲಿಲ್ಲ.

ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ ಎಂದು ನಿಮಗೆ ಗೊತ್ತು. ಊರ ಶಾಲೆಯಲ್ಲಿ ಓದುವಾಗಲೂ ಹಾಜರಿ ಕೂಗಿದರೆ ಪಕ್ಕದ ಹುಡುಗಿ ನನ್ನ ಪರವಾಗಿ "ಬಂದಾಳ್ರಿ" ಎನ್ನುತ್ತಿದ್ದಳು. ಕಾಗದದ ಮುಂದೆ ಮಾತ್ರ ನಾಚಿಕೆ ಇಲ್ಲ. ಅದು ತಿರುಗಿ ಮುಖ ನೋಡುವುದಿಲ್ಲ. ಆದ್ದರಿಂದ ನನ್ನ ಪ್ರವಾಸದ ಕಥೆಯನ್ನು ಬರೆದೇ ಕೊಡುತ್ತಿದ್ದೇನೆ.

ಹೊರಡುವ ಮೊದಲು ನಿಮ್ಮಮ್ಮ ಸವಿತಾ ಫೋನಿನಲ್ಲಿ ನನಗೆ ಒಂದೇ ಒಂದು ಕೆಲಸ ಹೇಳಿದ್ದಳು. "ಅತ್ತಿ, ಗಿಡ ಒಣಗಿದ್ರೆ ಒಣಗ್ಲಿ, ಹಾಲು ಒಡೆದ್ರೆ ಒಡೀಲಿ. ಹರಿಹರದ ಪಾಲು ಮಾತ್ರ ತಪ್ಪಿಸಬ್ಯಾಡ್ರಿ."

ಪಾಲು ಎಂದರೆ ಇದು. ಹರಿಹರದ ಹತ್ತಿರ ಹೊಳೆದಂಡೆಯ ಮೇಲೆ ಕೊಟ್ರೇಶಿ ಮತ್ತು ನಾಗವ್ವ ಎಂಬ ಗಂಡಹೆಂಡತಿಯದ್ದು ಒಂದು ತೋಟ. ನಿಮ್ಮ ಬೀದಿಯ ಕೆಲವು ಮನೆಗಳವರು ಆ ತೋಟಕ್ಕೆ ಪಾಲುದಾರರು. ಹಂಗಾಮಿನ ಶುರುವಿಗೇ ತಮ್ಮ ಪಾಲಿನ ಹಣ ಕಟ್ಟಿಬಿಡುತ್ತಾರೆ. ಆಮೇಲೆ ಪ್ರತಿ ಶನಿವಾರ ತೋಟದಲ್ಲಿ ಏನು ಬಂತೋ ಅದು ಒಂದು ಪ್ಲಾಸ್ಟಿಕ್ ಕ್ರೇಟಿನಲ್ಲಿ ಬರುತ್ತದೆ. ಬಂದದ್ದನ್ನು ಒಯ್ಯಬೇಕು, ಆರಿಸುವಂತಿಲ್ಲ. ಹಂಗಾಮಿಗೊಮ್ಮೆ ಮನೆಗೊಬ್ಬರಂತೆ ತೋಟಕ್ಕೆ ಹೋಗಿ ಒಂದು ಭಾನುವಾರ ಕೆಲಸ ಮಾಡಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ಪಾಲು ಕೈಬಿಟ್ಟು, ಸರದಿಯಲ್ಲಿ ಕಾಯುತ್ತಿರುವ ಮನೆಗೆ ಹೋಗುತ್ತದೆ. ಸವಿತಾ ಆ ಸರದಿಯಲ್ಲಿ ಒಂದು ವರ್ಷ ಕಾದು ಪಾಲು ಪಡೆದವಳು.

ನಮ್ಮೂರಲ್ಲೂ ಹೊಲವನ್ನು ಕೋರಿಗೆ, ಅಂದರೆ ಬೆಳೆಯ ಪಾಲಿಗೆ, ಹಾಕುತ್ತೇವೆ. ಆದರೆ ಅಲ್ಲಿ ಪಾಲಿಗೆ ಬಂದದ್ದು ಕಡಿಮೆಯಾದರೆ ಜಗಳ ಆಗುತ್ತದೆ. ಇಲ್ಲಿ ಹಾಗಲಕಾಯಿ ಜಾಸ್ತಿ ಬಂದರೆ ಜಗಳ.

ಹದಡಿ ದಾಟಿದ ಮೇಲೆ

ನನ್ನ ಪಾಸ್‌ಪೋರ್ಟ್ ಎಂದರೆ ಆಧಾರ್ ಕಾರ್ಡು. ಕಂಡಕ್ಟರ್ ಅದನ್ನು ಕೈಗೆ ತೆಗೆದುಕೊಂಡು ಫೋಟೋ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೋ ನೋಡಿದ.

"ಇದು ನೀವೇ ಏನಮ್ಮಾ?"

ನಾನು ತಲೆಯಾಡಿಸಿದೆ.

"ಫೋಟೋದಾಗ ಸಿಟ್ಟಿಗೆದ್ದೀರಿ."

ಫೋಟೋ ತೆಗೆದವನು ಸೆರಗು ಸರಿಸು ಎಂದಿದ್ದ, ಅದಕ್ಕೆ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಅವನು ಪುಕ್ಕಟೆ ಟಿಕೆಟ್ ಹರಿದು ಕೊಟ್ಟು, ನನ್ನ ಕಾಲಬಳಿ ಇದ್ದ ಗೋಣಿಚೀಲಕ್ಕೆ ಒಂದು ಸಣ್ಣ ಒದೆ ಕೊಟ್ಟು, "ಇದಕ್ಕೂ ಆಧಾರ್ ಐತೇನು?" ಎಂದ. ಬಸ್ಸೆಲ್ಲ ನಕ್ಕಿತು. ಚೀಲದಲ್ಲಿದ್ದದ್ದು ನಮ್ಮ ಹಿತ್ತಲ ನಿಂಬೆಹಣ್ಣು, ಹಸಿಮೆಣಸಿನಕಾಯಿ. ಮಗನ ಮನೆಗೆ ಕೈಬೀಸಿಕೊಂಡು ಹೋಗುವುದು ಹೇಗೆ? ಮನೆಯಲ್ಲಿ ತಿನ್ನುವವರು ಯಾರೂ ಇಲ್ಲ ಎಂಬುದು ಹದಡಿ ದಾಟಿದ ಮೇಲೆ ನೆನಪಾಯಿತು. ಅಷ್ಟರಲ್ಲಿ ಭತ್ತದ ಗದ್ದೆ ಹಿಂದಕ್ಕೆ ಹೋಗಿ, ಸೈಟು ಮಾರಾಟಕ್ಕಿದೆ ಎಂಬ ಬೋರ್ಡುಗಳು ಶುರುವಾಗಿದ್ದವು. ಗಡಿ ಅಲ್ಲಿಯೇ ಇದೆ ಎಂದು ನನ್ನ ಲೆಕ್ಕ.

ಪಿ.ಜೆ. ಬಡಾವಣೆ: ಅಲ್ಲಿನ ಜನ

ನಿಮ್ಮ ಬೀದಿಯ ಜನ ಬೆಳಗ್ಗೆ ಎದ್ದು ನಡೆಯುತ್ತಾರೆ. ಎಲ್ಲಿಗೆ ಹೋಗುತ್ತಾರೆ ಎಂದು ಮಹಡಿಯ ಮೇಲೆ ನಿಂತು ನೋಡಿದೆ. ಎಲ್ಲಿಗೂ ಇಲ್ಲ. ಪಾರ್ಕಿನ ಸುತ್ತ ತಿರುಗಿ ಹೊರಟಲ್ಲಿಗೇ ಬರುತ್ತಾರೆ. ನಮ್ಮಲ್ಲಿ ಹಾಗೆ ಸುತ್ತುವುದು ಕಣದಲ್ಲಿ ಕಟ್ಟಿದ ಎತ್ತು ಮಾತ್ರ, ಅದಕ್ಕೂ ಕೊನೆಗೆ ಹುಲ್ಲು ಸಿಗುತ್ತದೆ. ಇವರಿಗೂ ಸಿಗುತ್ತದೆ ಎಂದು ಆಮೇಲೆ ತಿಳಿಯಿತು. ಪಾರ್ಕಿನ ಬಾಗಿಲಲ್ಲಿ ಒಬ್ಬ ಗೋಧಿಹುಲ್ಲಿನ ರಸ ಮಾರುತ್ತಾನೆ.

ಗೇಟಿಗೆಲ್ಲ "ನಾಯಿ ಇದೆ, ಎಚ್ಚರಿಕೆ" ಎಂದು ಬರೆದಿರುತ್ತದೆ. ನಾಯಿ ಇರುವುದಿಲ್ಲ. ನಾಯಿ ಇರುವ ಮನೆಯ ಗೇಟಿನ ಮೇಲೆ "ಶರಣು ಶರಣಾರ್ಥಿ" ಎಂದಿರುತ್ತದೆ. ಬಾಗಿಲಿಗೆ ಗಂಟೆ ಇದೆ, ಒತ್ತಿದರೆ ಒಳಗಿನಿಂದ ಹಕ್ಕಿ ಕೂಗುತ್ತದೆ, ಮನುಷ್ಯರು ಕೂಗುವುದಿಲ್ಲ. ನಾನು ಆ ಗಂಟೆಯನ್ನು ಒಮ್ಮೆಯೂ ಒತ್ತಲಿಲ್ಲ. ಒತ್ತಿದರೆ ಯಾರಾದರೂ ಬಾಗಿಲು ತೆಗೆದುಬಿಟ್ಟರೆ ಮಾತಾಡಬೇಕಾಗುತ್ತದಲ್ಲ.

ಗಿರಿಜಾ ಮೇಡಂ ಅವರ ಪೋರ್ಟಿಕೊ

ಶನಿವಾರದ ಕ್ರೇಟುಗಳು ಬಂದು ಇಳಿಯುವುದು ಗಿರಿಜಾ ಮೇಡಂ ಮನೆಯ ಪೋರ್ಟಿಕೊದಲ್ಲಿ. ಅವರು ಬ್ಯಾಂಕಿನಿಂದ ನಿವೃತ್ತರು, ಪಾಲಿನ ವ್ಯವಸ್ಥೆಯೆಲ್ಲ ಅವರದೇ. ನಾನು ಹೋಗುವ ಹೊತ್ತಿಗೆ ಜನ ಕ್ರೇಟು ಸುತ್ತುವರಿದು ತರಕಾರಿಯ ಫೋಟೋ ತೆಗೆಯುತ್ತಿದ್ದರು. ನಿಮ್ಮ ಪಕ್ಕದ ಮನೆಯ ಶಕುಂತಲಮ್ಮ, ಅದೇ ಬಟ್ಟೆ ಅಂಗಡಿ ಮಹೇಶಪ್ಪನವರ ಹೆಂಡತಿ, ಹೀರೇಕಾಯಿಯನ್ನು ಕೂಸಿನ ಹಾಗೆ ಎತ್ತಿ ಹಿಡಿದಿದ್ದರು.

"ಸವಿತಾ ಅತ್ತೆಯವ್ರಾ? ಬರ್ರಿ ಬರ್ರಿ. ನೀವು ಹಳ್ಳಿಯೋರು, ನಿಮಗೆ ಇದೆಲ್ಲ ಹೊಸದಲ್ಲ ಬಿಡ್ರಿ."

"ಹ್ಞೂಂ" ಎಂದೆ.

"ಈ ಸಲನೂ ಹಾಗಲಕಾಯಿ ಬಂದೈತೆ ನೋಡ್ರಿ. ನಮ್ಮನೆಯವ್ರು ಮೂಸಿನೂ ನೋಡಂಗಿಲ್ಲ."

"ಆರಿಸಂಗಿಲ್ಲ ಶಕುಂತಲಾ," ಎಂದು ಗಿರಿಜಾ ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಪಾಲು ಅಂದ್ರೆ ಪಾಲು."

ನಮ್ಮ ಕ್ರೇಟಿನಲ್ಲಿ ಹಾಗಲಕಾಯಿ, ಹೀರೇಕಾಯಿ, ಬಸಳೆಸೊಪ್ಪು ಇದ್ದವು. ಜೊತೆಗೆ, ನನ್ನ ಅದೃಷ್ಟಕ್ಕೆ, ನಿಂಬೆಹಣ್ಣು ಮತ್ತು ಹಸಿಮೆಣಸಿನಕಾಯಿ. ಎಲ್ಲದರ ಮೇಲೆ ಕೂತಿತ್ತು ಒಂದು ಬೂದುಗುಂಬಳ. ನಿಮ್ಮಪ್ಪ ಹುಟ್ಟಿದಾಗ ಅಷ್ಟು ತೂಕ ಇರಲಿಲ್ಲ.

ಮೂರು ದಾರಿ ಕೂಡುವ ಜಾಗ

ಆ ಬೂದುಗುಂಬಳ ಫ್ರಿಡ್ಜಿಗೆ ಹಿಡಿಸಲಿಲ್ಲ. ಮಜ್ಜಿಗೆಹುಳಿ ಮಾಡೋಣ ಎಂದರೆ ಇನ್ನೊಂದು ತೊಡಕು. ಇಡೀ ಬೂದುಗುಂಬಳಕ್ಕೆ ಹೆಂಗಸು ಮೊದಲ ಏಟು ಹಾಕಬಾರದು ಎಂಬುದು ನಮ್ಮಲ್ಲಿ ರೂಢಿ. ಗಂಡಸು ಒಮ್ಮೆ ಸೀಳಿ ಕೊಟ್ಟರೆ ಸಾಕು, ಆಮೇಲೆ ಹೆಚ್ಚುವುದು, ಬೇಯಿಸುವುದು, ಬಡಿಸುವುದು, ಪಾತ್ರೆ ತಿಕ್ಕುವುದು ಎಲ್ಲವನ್ನೂ ಹೆಂಗಸರೇ ಮಾಡಬಹುದು. ಅದಕ್ಕೆ ಶಾಸ್ತ್ರದ ಅಡ್ಡಿ ಇಲ್ಲ. ನಿಮ್ಮ ಅಜ್ಜ ಇದ್ದಾಗ ಗದ್ದೆಗೆ ನೀರು ಕಟ್ಟಲು ಕರೆದರೆ ಅವರಿಗೆ ಕೇಳಿಸುತ್ತಿರಲಿಲ್ಲ, ಕುಂಬಳಕಾಯಿ ಎಂದರೆ ಕಟ್ಟೆ ಬಿಟ್ಟು ಎದ್ದು ಬರುತ್ತಿದ್ದರು. ಅವರು ಹೋದ ಮೇಲೆ ಪಕ್ಕದ ಮನೆಯ ರುದ್ರಪ್ಪ ಬಂದು ಸೀಳಿ ಕೊಡುತ್ತಾನೆ, ಅರ್ಧ ಒಯ್ಯುತ್ತಾನೆ.

ಪಿ.ಜೆ. ಬಡಾವಣೆಯಲ್ಲಿ ರುದ್ರಪ್ಪನನ್ನು ಎಲ್ಲಿಂದ ತರಲಿ? ಸಂಜೆ ಗೇಟಿನ ಬಳಿ ನಿಂತೆ. ಒಂದು ಕಂಕುಳಲ್ಲಿ ಕುಂಬಳಕಾಯಿ, ಒಂದು ಕೈಯಲ್ಲಿ ನಿಮ್ಮಮ್ಮನ ದೊಡ್ಡ ಚಾಕು. ಯಾರಾದರೂ ಗಂಡಸು ಬಂದರೆ ಕೇಳೋಣ ಎಂದು. ಪಾರ್ಸೆಲ್ ತಂದುಕೊಡುವವನು ಒಬ್ಬ ಬೈಕಿನಲ್ಲಿ ಬಂದ. ನಾನು ಚಾಕು ಮುಂದೆ ಚಾಚಿದೆ. ಅವನು ಪಾರ್ಸೆಲನ್ನು ಪಕ್ಕದ ಮನೆಯ ಕಾಂಪೌಂಡಿನೊಳಗೆ ಎಸೆದು ಹೋಗಿಬಿಟ್ಟ. ವಾಕಿಂಗ್ ಮಾಡುತ್ತಿದ್ದ ಬೇರೆ ಬೀದಿಯ ಇಬ್ಬರು ಯಜಮಾನರು ನನ್ನನ್ನು ಕಂಡು ರಸ್ತೆಯ ಆಚೆ ಬದಿಗೆ ಸರಿದರು. ಆಗ ಚಾಕು ಒಳಗಿಟ್ಟು ಬಂದು, ಮೂರು ದಾರಿ ಕೂಡುವಲ್ಲಿ ನಿಂತಿದ್ದ ಆಟೋದವನ ಮುಂದೆ ಕಾಯಿ ಹಿಡಿದೆ. ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ಅವನಿಗೆ ಮಾತೇ ಬೇಕಿರಲಿಲ್ಲ. ಆಯುಧಪೂಜೆ ಆಗಷ್ಟೇ ಮುಗಿದಿತ್ತು, ಕೈ ಇನ್ನೂ ಹದವಾಗಿತ್ತು.

"ಯಾವ ಮನೀಗಮ್ಮಾ? ಅದಾ? ದೊಡ್ಡ ಮನಿ, ದೃಷ್ಟಿ ಆಗೋದೇ. ತರ್ರಿ ಇಲ್ಲಿ."

ನಾನು ಬೇಡ ಎನ್ನುವಷ್ಟರಲ್ಲಿ ಅವನು ಕಾಯಿಯನ್ನು ನಿಮ್ಮ ಮನೆಯ ಮುಂದೆ ಎತ್ತಿ ಹಿಡಿದು ಬಲಕ್ಕೆ ಸುತ್ತಿದ, ಎಡಕ್ಕೆ ಸುತ್ತಿದ, ತನ್ನ ಆಟೋವನ್ನೂ ಅದರಲ್ಲೇ ಸೇರಿಸಿ ಒಂದು ಸುತ್ತು ಹಾಕಿದ. ಆಮೇಲೆ ಕೂಡುದಾರಿಯ ನಡುಮಧ್ಯೆ ಎತ್ತಿ ಕುಕ್ಕಿದ. ಬೀಜ ಗಿರಿಜಾ ಮೇಡಂ ಅವರ ಕಾರಿನ ಗಾಜಿನವರೆಗೂ ಹಾರಿತು.

"ಇನ್ನೇನೂ ಭಯ ಇಲ್ಲಮ್ಮಾ," ಎಂದು ಹೇಳಿ ಆಟೋ ಹತ್ತಿ ಹೊರಟ.

ನನ್ನ ಮಜ್ಜಿಗೆಹುಳಿ ರಸ್ತೆಯ ಮೇಲೆ ಬಿದ್ದಿತ್ತು. ಆರಿಸಿಕೊಂಡು ಹೋಗೋಣವೇ ಎಂದು ಒಂದು ಗಳಿಗೆ ಯೋಚಿಸಿದ್ದು ನಿಜ. ಅಷ್ಟರಲ್ಲಿ ಒಂದು ಹಸು ಬಂತು.

ಅದೇ ಬೀದಿ, ಮರುದಿನ ಬೆಳಗ್ಗೆ

ಕುಂಬಳಕಾಯಿಯ ಪಾಡು ಹೀಗಾಯಿತು. ನಿಂಬೆ, ಮೆಣಸಿನಕಾಯಿ ಮಾತ್ರ ನನ್ನ ಚೀಲದ್ದೂ ಕ್ರೇಟಿನದ್ದೂ ಸೇರಿ ಅಡುಗೆಮನೆ ತುಂಬ. ನಮ್ಮ ಓಣಿಯಲ್ಲಿ ಬೆಳೆದದ್ದು ಹೆಚ್ಚಾದರೆ ನಸುಕಿನಲ್ಲಿ ಪಕ್ಕದವರ ಬಾಗಿಲಿಗೆ ಸುಮ್ಮನೆ ಇಟ್ಟು ಬರುತ್ತೇವೆ. ಕೈಗೇ ಕೊಟ್ಟರೆ ಪಾಪ, ಅವರು ಬಟ್ಟಲು ತೊಳೆದು ತಿರುಗಿ ಏನಾದರೂ ತುಂಬಿಸಿ ಕೊಡಬೇಕಾಗುತ್ತದೆ. ಯಾರದು ಎಂದು ಯಾರೂ ಕೇಳುವುದಿಲ್ಲ. ಕಾಯಿ ನೋಡಿದರೆ ಯಾರ ಹಿತ್ತಲಿನದು ಎಂದು ಗೊತ್ತಾಗುತ್ತದೆ.

ಇಲ್ಲೂ ಹಾಗೇ ಮಾಡಿದೆ. ಪ್ಲಾಸ್ಟಿಕ್ ಚೀಲವನ್ನು ನಿಮ್ಮಮ್ಮ ಮನೆಯಿಂದ ಗಡೀಪಾರು ಮಾಡಿದ್ದಾಳೆ. ಹೊಲಿಗೆ ಡಬ್ಬಿಯ ಪಕ್ಕದಲ್ಲಿ ರವಿಕೆಯ ಲೈನಿಂಗ್ ಬಟ್ಟೆ ಸಿಕ್ಕಿತು. ಹರಿದು ತುಂಡು ಮಾಡಿ, ಒಂದೊಂದರಲ್ಲಿ ಒಂದಿಷ್ಟು ನಿಂಬೆ, ಒಂದಿಷ್ಟು ಮೆಣಸಿನಕಾಯಿ ಇಟ್ಟು ಗಂಟು ಕಟ್ಟಿ, ಬೆಳಕು ಹರಿಯುವ ಮುಂಚೆ ಬೀದಿಯ ಗೇಟುಗಳಿಗೆ ಕಟ್ಟಿ ಬಂದೆ. ಶಕುಂತಲಮ್ಮನ ಮನೆಯಲ್ಲಿ ಜನ ಹೆಚ್ಚು, ಅವರಿಗೆ ಎರಡು ಗಂಟು. ಬಟ್ಟೆಯ ಬಣ್ಣ ಕೆಂಪು. ನೀವು ಈಗಾಗಲೇ ನಗುತ್ತಿದ್ದೀರಿ. ನನಗೆ ಹೊಳೆಯಲಿಲ್ಲ. ತರಕಾರಿ ಕೊಟ್ಟ ಸಂತೋಷದಲ್ಲಿ ಬಂದು ಕಾಫಿ ಕುಡಿಯುತ್ತಿದ್ದೆ.

ಕಿರುಚಿದ್ದು ಮೊದಲು ಶಕುಂತಲಮ್ಮ.

"ಅಯ್ಯಯ್ಯೋ, ನಮ್ಮ ಗೇಟಿಗೆ ಎರಡು ಕಟ್ಯಾರೆ!"

ಹೊರಗೆ ಬಂದರೆ ಬೀದಿಯೆಲ್ಲ ನೈಟಿಯಲ್ಲೂ ಬನಿಯನ್ನಿನಲ್ಲೂ ನಿಂತಿತ್ತು. ಮಹೇಶಪ್ಪ ಎರಡೂ ಕೈ ಚಾಚಿ ಎಲ್ಲರನ್ನೂ ತಡೆಯುತ್ತಿದ್ದರು.

"ಯಾರೂ ಮುಟ್ಟಬ್ಯಾಡ್ರಿ! ಮಾಟ ಇದು. ಮುಟ್ಟಿದ್ರೆ ಮೈಗೆ ಹತ್ತುತ್ತೆ. ನಿನ್ನೆ ಸಂಜೆ ಕೂಡುದಾರ್ಯಾಗ ಕುಂಬಳಕಾಯಿ ಒಡೆದಾರೆ, ಇವತ್ತು ಕೆಂಪು ಗಂಟು. ಎರಡೂ ಕೂಡಿಸಿ ನೋಡ್ರಿ."

"ಎಲ್ಲಾ ಮೂಢನಂಬಿಕೆ," ಎಂದರು ಗಿರಿಜಾ ಮೇಡಂ. ಹಾಗೆನ್ನುತ್ತಾ ತಮ್ಮ ಗೇಟಿನ ಗಂಟನ್ನು ಜೇಡರ ಬಲೆ ತೆಗೆಯುವ ಉದ್ದನೆ ಕೋಲಿನಿಂದ ದೂರ ನಿಂತು ತಿವಿದರು.

"ಕ್ಯಾಮೆರಾ ನೋಡ್ರಿ, ಕ್ಯಾಮೆರಾ!"

ಎದುರು ಮನೆಯವರು ಮೊಬೈಲಿನಲ್ಲಿ ತಮ್ಮ ಕ್ಯಾಮೆರಾ ಹಚ್ಚಿ ನೋಡಿದರು. ಅದರ ಕಣ್ಣಿಗೆ ಜೇಡ ಬಲೆ ಕಟ್ಟಿತ್ತು. ನಸುಕಿನಿಂದ ಬೆಳಗಿನವರೆಗೂ ಅದರಲ್ಲಿ ಕಂಡದ್ದು ಆನೆಯಷ್ಟು ದೊಡ್ಡ ಒಂದು ಜೇಡ ಮಾತ್ರ. ಅದನ್ನು ನೋಡಿದ ಮೇಲೆ ಎದುರು ಮನೆಯವರು ಗೇಟಿನಿಂದ ಇನ್ನೆರಡು ಹೆಜ್ಜೆ ಹಿಂದೆ ಸರಿದರು.

ಮಹೇಶಪ್ಪ ತೀರ್ಪು ಕೊಟ್ಟರು. "ನಿನ್ನೆ ಹರಿಹರದ ಕ್ರೇಟಿನಾಗ ಬಂದಿದ್ದೂ ಇದೇ ನಿಂಬಿ, ಇದೇ ಮೆಣಸಿನಕಾಯಿ, ಇದೇ ಕುಂಬಳಕಾಯಿ. ಆ ತೋಟದಾಗೇ ಯಾರೋ ಮಾಡಿಸ್ಯಾರೆ. ನಮ್ಮನೀಗೆ ಆ ಕ್ರೇಟು ಬ್ಯಾಡ."

"ನಮಗೂ ಬ್ಯಾಡ" ಎಂದು ಇನ್ನೊಂದು ಗೇಟು. "ನಮಗೂ" ಎಂದು ಮತ್ತೊಂದು.

ನಾನು ಕಾಯಲು ಬಂದದ್ದು ಒಂದು ಪಾಲನ್ನು, ಮುಳುಗಿಸುತ್ತಿದ್ದದ್ದು ಬೀದಿಯ ಪಾಲನ್ನೆಲ್ಲ. ಮುಂದೆ ಹೋಗಿ "ನಾನ್ರೀ ಕಟ್ಟಿದ್ದು" ಎಂದೆ. ಯಾರದೋ ಮನೆಯ ಮಿಕ್ಸಿ ಸದ್ದು ಮಾಡಿತು. ಮತ್ತೆ ಹೇಳಿದೆ, ಮಹೇಶಪ್ಪನ ಫೋನು ಹೊಡೆದುಕೊಂಡಿತು. ಇನ್ನೊಮ್ಮೆ ಹೇಳಿದ್ದು ನನಗೇ ಕೇಳಿಸಲಿಲ್ಲ. ಬಾಯಿಂದ ಆಗದ್ದು ಕೈಯಿಂದ ಆದೀತು ಎಂದು ಸೀದಾ ಹೋಗಿ ಒಂದು ಗಂಟು ಬಿಚ್ಚಿದೆ. ಇದು ಬರೀ ತರಕಾರಿ, ತಿನ್ನುವುದಕ್ಕೆ ಇರುವುದು ಎಂದು ತೋರಿಸಲು ಒಂದು ಮೆಣಸಿನಕಾಯಿ ಬಾಯಿಗೆ ಹಾಕಿ ಕಚ್ಚಿದೆ.

ನಮ್ಮ ಹಿತ್ತಲ ಮೆಣಸಿನಕಾಯಿಯ ಖಾರ ನಿಮಗೆ ಗೊತ್ತು. ಶರಣು, ನೀನು ಒಮ್ಮೆ ನೆಕ್ಕಿ ನೀರಿನ ಹಂಡೆಗೆ ಮುಖ ಅದ್ದಿದ್ದೆ. ನನ್ನ ಕಣ್ಣು ಕೆಂಪಗಾಗಿ ನೀರು ಸುರಿಯಿತು, ಕಿವಿಯಲ್ಲಿ ಗುಂಯ್ ಎಂದಿತು, "ಹಾ, ಹಾ" ಎಂದು ಬಿಸಿ ಉಸಿರು ಬಿಡುತ್ತಾ ತಲೆ ಕೊಡವಿದೆ. ತುರುಬು ಬಿಚ್ಚಿಹೋಯಿತು. ಖಾರ ಇಳಿಯಲಿ ಎಂದು ನಿಂಬೆಹಣ್ಣನ್ನು ಹಲ್ಲಿನಲ್ಲೇ ಸೀಳಿ ಹೀರಿದೆ. ಅದು ಖಾರವನ್ನು ಇನ್ನೂ ಎಬ್ಬಿಸಿತು.

ಬೀದಿಯ ಜನ ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗಿದರು.

"ಮೈಮೇಲೆ ಬಂತು," ಎಂದು ಶಕುಂತಲಮ್ಮ ಪಿಸುಗುಟ್ಟಿ ಕೈ ಮುಗಿದರು. "ತಾಯೀ, ಇನ್ನೊಂದು ಗಂಟು ಇಲ್ಲೈತೆ. ಇದನ್ನೂ ತಿಂದುಬಿಡ್ರಿ."

ಮತ್ತೆ ಶನಿವಾರ

ಅವತ್ತಿನಿಂದ ನಾನು ಹೊರಗೆ ಬಂದರೆ ಜನ ದಾರಿ ಬಿಡುತ್ತಿದ್ದರು. ಕೂಸು ಹಾಲು ಕುಡಿಯುತ್ತಿಲ್ಲ ಎಂದು ಒಬ್ಬಾಕೆ ಬಂದಳು, ಗಂಡ ಮೊಬೈಲ್ ಬಿಡುತ್ತಿಲ್ಲ ಎಂದು ಇನ್ನೊಬ್ಬಾಕೆ. ಮಿರ್ಚಿ ಮಂಡಕ್ಕಿಯ ಗಾಡಿಯವನು ನನಗೆ ಕೊಡುವ ಮಿರ್ಚಿಯಲ್ಲಿ ಮಾತ್ರ ಮೆಣಸಿನಕಾಯಿ ದೊಡ್ಡದು ಹಾಕುತ್ತಿದ್ದ. ನಾನು ಎಲ್ಲರಿಗೂ "ಹಂಗೇನಿಲ್ಲ" ಎನ್ನುತ್ತಿದ್ದೆ. ಶಕ್ತಿ ಇದ್ದವರು ಹಾಗೇ ಹೇಳುವುದು ಎಂದು ಅವರು ಒಳಗೊಳಗೇ ತಲೆದೂಗುತ್ತಿದ್ದರು.

ಮುಂದಿನ ಶನಿವಾರ ಪೋರ್ಟಿಕೊದಲ್ಲಿ ಕ್ರೇಟುಗಳು ಇದ್ದವು, ಜನ ಇರಲಿಲ್ಲ. ಗಿರಿಜಾ ಮೇಡಂ ಮೆಟ್ಟಿಲ ಮೇಲೆ ಕೆನ್ನೆಗೆ ಕೈಕೊಟ್ಟು ಕೂತಿದ್ದರು.

"ಕೂಡ್ರಿ. ಇಷ್ಟು ಮನಿಯೋರು ಪಾಲು ಕೈಬಿಟ್ರೆ ಬಾಕಿ ಎರಡು ಮೂರು ಮನೀಗೆ ಕೊಟ್ರೇಶಿ ಟೆಂಪೋ ತರಂಗಿಲ್ಲ. ನಾಳೆ ತೋಟದ ಕೆಲಸದ ಸರದಿ. ಅಲ್ಲೂ ಜನ ಬರ್ಲಿಲ್ಲ ಅಂದ್ರೆ ಈ ಬೀದಿಗೆ ಪಾಲು ಮುಗೀತು." ಖಾಲಿ ಗೇಟಿನ ಕಡೆ ನೋಡಿ, "ಸವಿತಾ ಪಾಪ, ಒಂದು ವರ್ಷ ಕಾದಿದ್ಲು" ಎಂದರು.

ನಾನು ನೆಲ ನೋಡಿದೆ. ನೆಲದ ಮೇಲೆ ಹಾಗಲಕಾಯಿ ನನ್ನನ್ನೇ ನೋಡುತ್ತಿತ್ತು.

ಹರಿಹರ

ಭಾನುವಾರ ಟೆಂಪೋ ಹತ್ತಿದವರು ಮೂವರು. ಗಿರಿಜಾ ಮೇಡಂ, ನಾನು, ಮತ್ತು ಶಕುಂತಲಮ್ಮ. ಶಕುಂತಲಮ್ಮ ಬಂದದ್ದು ತೋಟಕ್ಕಲ್ಲ. ನಾನು ಎಲ್ಲಿ ಹೋದರೆ ಅಲ್ಲಿ ಆಕೆ, ಅಷ್ಟೇ. ನಮ್ಮ ಜೊತೆಗೆ ಯಾರೂ ಒಯ್ಯದ ಕ್ರೇಟುಗಳೂ ಹಿಂದಿರುಗಿ ಹೊರಟಿದ್ದವು.

ಹರಿಹರದ ದೇವರು ಅರ್ಧ ಹರಿ, ಅರ್ಧ ಹರ. ಪಾಲು ಎಂಬುದು ಆ ಊರಲ್ಲಿ ಗರ್ಭಗುಡಿಯಿಂದಲೇ ಶುರು. ಟೆಂಪೋದಿಂದಲೇ ಕೈ ಮುಗಿದು, ನಿಮ್ಮಿಬ್ಬರಲ್ಲಿ ಯಾರಾದರೂ ಒಬ್ಬರು ಸವಿತಾಳ ಪಾಲು ಉಳಿಸಿಕೊಡಿ ಎಂದು ಬೇಡಿಕೊಂಡೆ. ಇಬ್ಬರೂ ಇನ್ನೊಬ್ಬ ನೋಡಿಕೊಳ್ಳುತ್ತಾನೆ ಎಂದುಕೊಂಡಿರಬೇಕು.

ತೋಟದಲ್ಲಿ ನಾಗವ್ವ ಇಳಿಯುತ್ತಿದ್ದ ಕ್ರೇಟುಗಳನ್ನು ನೋಡಿದಳು. ಹಾಗಲಕಾಯಿ ಬಾಚಿ ಎಮ್ಮೆಯ ಮುಂದೆ ಹಾಕಿದಳು. ಎಮ್ಮೆ ಮೂಸಿ ಮುಖ ತಿರುಗಿಸಿತು.

"ನೋಡ್ರಿ, ಇದಕ್ಕೂ ದಾವಣಗೆರೆ ಬುದ್ಧಿ," ಎಂದಳು.

ನಮಗೆ ಕೊಟ್ಟ ಕೆಲಸ ಮೂಲಂಗಿ ಮಡಿಯ ಕಳೆ ತೆಗೆಯುವುದು. ಗಿರಿಜಾ ಮೇಡಂ ಕೈಗವಸು ಹಾಕಿಕೊಂಡು ಕಳೆಯನ್ನು ಒಂದೊಂದಾಗಿ, ನೋಟು ಎಣಿಸುವ ಹಾಗೆ, ಕಿತ್ತು ಜೋಡಿಸಿಡುತ್ತಿದ್ದರು. ನಾನು ಜೋರು ತೋರಿಸಲು ಹೋಗಿ, ಮಾತಿನ ಮಧ್ಯೆ ಅರ್ಧ ಸಾಲು ಮೂಲಂಗಿಯನ್ನೇ ಕಿತ್ತೆ. ಮಾತು ಯಾರ ಜೊತೆ ಎನ್ನುತ್ತೀರಿ? ನಾಗವ್ವನ ಜೊತೆ. ಕುಕ್ಕರಗಾಲಲ್ಲಿ ಪಕ್ಕಪಕ್ಕ ಕೂತು ಮಣ್ಣು ನೋಡುತ್ತಾ ಮಾತಾಡಿದರೆ ನನಗೆ ನಾಚಿಕೆ ಅಡ್ಡ ಬರುವುದಿಲ್ಲ.

"ಅಲ್ರಿ ಅಮ್ಮಾ," ಎಂದಳು ನಾಗವ್ವ. "ಸಂತಿಗೆ ಹಾಕೋದು ಬಿಟ್ಟು ಆ ಬೀದಿ ನಂಬಿ ಇಷ್ಟೆಲ್ಲ ಬಿತ್ತೀವಿ. ಈಗ ನಮ್ಮ ತ್ವಾಟದಾಗ ಮಾಟ ಐತೆ ಅಂತ ಸುದ್ದಿ ಹಬ್ಬಿದ್ರೆ ಸಂತ್ಯಾಗೂ ಯಾರು ಕೊಳ್ತಾರೆ? ಯಾವ ಹಾಳಾದೋರು ಕಟ್ಟಿದ್ರೋ ಆ ಗಂಟು."

"ನಾನೇ ಕಟ್ಟಿದ್ದು," ಎಂದೆ.

ಕುಂಬಳಕಾಯಿಯಿಂದ ಹಿಡಿದು ಲೈನಿಂಗ್ ಬಟ್ಟೆಯವರೆಗೆ ಎಲ್ಲ ಹೇಳಿದೆ. ನಾಗವ್ವ ಮೊದಲು ಕಣ್ಣರಳಿಸಿದಳು, ಆಮೇಲೆ ಬಾಯಿಗೆ ಸೆರಗು ತುರುಕಿಕೊಂಡಳು, ಆಟೋದವನು ಬರುವ ಹೊತ್ತಿಗೆ ಮೂಲಂಗಿ ಮಡಿಯಲ್ಲೇ ಅಂಗಾತ ಬಿದ್ದು ನಕ್ಕಳು. ಆಮೇಲೆ ಎದ್ದು ನಿಂತು, ಹೊಳೆಯ ಆಚೆ ದಂಡೆಗೂ ಕೇಳುವ ಹಾಗೆ ಕೂಗಿದಳು. "ಮೇಡಮ್ಮೋರೆ! ಮಾಟ ಅಲ್ಲಂತೆ, ಮಣ್ಣೂ ಅಲ್ಲಂತೆ! ಈ ಅಮ್ಮಾರು ಗಂಡಸು ಸಿಗ್ದೆ ಆಟೋದೋನ ಕೈಲಿ ಕುಂಬಳಕಾಯಿ ಒಡೆಸ್ಯಾರಂತೆ, ಹೆಚ್ಚಾದ ನಿಂಬಿ ಮೆಣಸಿನಕಾಯಿ ಗಂಟೂ ಇವ್ರೇ ಕಟ್ಯಾರಂತೆ!"

ಗಿರಿಜಾ ಮೇಡಂ ನನ್ನನ್ನು ನೋಡಿದರು. ಅವರ ಮುಖದಲ್ಲಿ ಎಷ್ಟು ಬಣ್ಣ ಬಂದು ಹೋದವೋ. ಕೊನೆಗೆ ತಮ್ಮ ಕಳೆಯ ಕಟ್ಟಿನ ಮೇಲೆ ಕೂತುಬಿಟ್ಟು ಕಣ್ಣೊರೆಸಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ. ಭುಜ ನೋಡಿದರೆ ನಗುತ್ತಿದ್ದರು.

ಆದರೆ ಶಕುಂತಲಮ್ಮ ನಗಲಿಲ್ಲ. ಸೊಂಟಕ್ಕೆ ಕೈಕೊಟ್ಟು ನಿಂತರು.

"ನಾನು ನಂಬಂಗಿಲ್ಲ. ನಿಮ್ಮ ಕಣ್ಣು ನಾನು ನೋಡೀನಿ, ಕೆಂಡ ಆಗಿತ್ತು. ತಾವೇ ಕಟ್ಟಿದ್ದು ಅಂತ ಮಾಟನ ತಮ್ಮ ಮೈಮೇಲೆ ತಗೊಂಡು ಎಲ್ರನ್ನೂ ಉಳಿಸ್ತಾ ಇದ್ದೀರಿ. ನನಗೆ ತಿಳೀದೇನು?"

"ಇಲ್ರಿ, ಅದು ಖಾರಕ್ಕೆ..."

"ಸಾಕು, ಹೇಳಬ್ಯಾಡ್ರಿ. ನಮ್ಮನೀಗೆ ಎರಡು ಗಂಟು ಕಟ್ಟಿದ್ರು. ಅದಕ್ಕೊಂದು ಪರಿಹಾರ ಹೇಳ್ರಿ. ನೀವು ಏನು ಹೇಳಿದ್ರೂ ಮಾಡ್ತೀವಿ. ನಮ್ಮನೆಯವ್ರು ಬೀದಿಗೆಲ್ಲ ಹೇಳಿ ಮಾಡಿಸ್ತಾರೆ."

ನಾನು ನಾಗವ್ವನನ್ನು ನೋಡಿದೆ. ಅವಳು ನಗು ನಿಲ್ಲಿಸಿ, ಇನ್ನೂ ಕೀಳದ ಸಾಲುಗಳನ್ನು ನೋಡುತ್ತಿದ್ದಳು. ಬದನೆ ಹಣ್ಣಾಗತೊಡಗಿತ್ತು. ನಿಜ ಹೇಳಿ ನೋಡಿಯಾಗಿತ್ತು, ಕೂಗಿ ಹೇಳಿಸಿಯೂ ಆಗಿತ್ತು. ಎಂದೂ ಹಾಜರಿಗೆ ಓಗೊಡದ ನನ್ನ ಬಾಯಿಂದ ಆಮೇಲಿನ ಮಾತು ಹೇಗೆ ಬಂತೋ ನನಗೆ ಗೊತ್ತಿಲ್ಲ. ಆದರೆ ಬಂತು, ಗಟ್ಟಿಯಾಗಿಯೇ ಬಂತು.

"ಪರಿಹಾರ ಐತೆ," ಎಂದೆ. "ಯಾವ ತ್ವಾಟದ ಮ್ಯಾಲೆ ಅನುಮಾನ ಬಂತೋ ಅದೇ ತ್ವಾಟದ್ದು ಉಣ್ಣಬೇಕು. ಶನಿವಾರದ ಪಾಲು ಒಂದೂ ತಪ್ಪಿಸಬಾರ್ದು. ಬಂದದ್ದು ಬ್ಯಾಡ ಅನ್ನಬಾರ್ದು."

"ಹಾಗಲಕಾಯಿ ಬಂದ್ರೆ?"

"ಮೊದಲನೇ ತುತ್ತು ಮನೆ ಯಜಮಾನ್ರದು. ಕಲ್ಲುಸಕ್ಕರೆ ಹಾಕ್ಕೊಳ್ಳೋ ಹಂಗಿಲ್ಲ."

ಶಕುಂತಲಮ್ಮ ಕಣ್ಣು ಮುಚ್ಚಿ ಅದನ್ನು ಬಾಯಿಪಾಠ ಮಾಡಿಕೊಂಡರು. ನಾಗವ್ವ ಗಂಟಲು ಸರಿಪಡಿಸಿಕೊಂಡಳು.

"ಕ್ರೇಟು ತೊಳೆದು ಕೊಡಬೇಕು ಅಂತನೂ ಹೇಳಿದ್ರಲ್ಲ ಅಮ್ಮಾರೆ, ಆವಾಗಲೇ."

"ಹ್ಞೂಂ. ತೊಳೀದಿದ್ರೆ ತಿರುಗಿ ಬೀಳ್ತೈತೆ."

ನಾವು ಮೂವರೂ ಗಿರಿಜಾ ಮೇಡಂ ಕಡೆ ನೋಡಿದೆವು. ಅವರು ಎದ್ದು ಸೀರೆ ಕೊಡವಿಕೊಂಡು, "ಇದೆಲ್ಲಾ ಮೂಢನಂಬಿಕೆ" ಎಂದರು. ಕೈಗವಸು ಕಳಚುತ್ತಾ, "ಆದ್ರೆ ಕ್ರೇಟು ತೊಳೆಯೋದು ಒಳ್ಳೇದು" ಎಂದರು.

ಕೊನೆಯ ಶನಿವಾರ

ನೀವು ಊರಿಗೆ ಬಂದ ಮರುದಿನ ನಿಮ್ಮಮ್ಮ ಖಾಲಿ ಕ್ರೇಟು ಹಿಡಿದು ಪೋರ್ಟಿಕೊಕ್ಕೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಅವಳ ಮುಖ ನೋಡಬೇಕಿತ್ತು.

"ಅತ್ತಿ, ಗೇಟಿನ ತನಕ ಪಾಳಿ ನಿಂತೈತೆ. ಹೊಸದಾಗಿ ಪಾಲು ಕೇಳೋರೇ ಎಷ್ಟೋ ಮನಿ. ಮಹೇಶಪ್ಪ ಅಂಕಲ್ ಹಾಗಲಕಾಯಿ ಕಡಿಮೆ ಬಂತು ಅಂತ ಗಿರಿಜಾ ಮೇಡಂ ಜೊತೆ ಜಗಳಾಡ್ತಾ ಇದ್ರು. ಕ್ರೇಟುಗಳು ಕನ್ನಡಿ ಹಂಗೆ ಹೊಳೀತಾವೆ. ಏನಾಗೈತ್ರಿ ಈ ಬೀದಿಗೆ?"

"ಗೊತ್ತಿಲ್ಲವ್ವ," ಎಂದು ಬಸಳೆಸೊಪ್ಪು ಬಿಡಿಸಲು ಕೂತೆ. ಅವಳ ಪಾಲು ಉಳಿದಿತ್ತು. ನಾಗವ್ವ ಬದನೆಯ ಪಕ್ಕದಲ್ಲಿ ಇನ್ನೊಂದು ತುಂಡು ನೆಲಕ್ಕೆ ಬೀಜ ಹಾಕುತ್ತಿದ್ದಾಳಂತೆ ಎಂದು ಆಮೇಲೆ ತಿಳಿಯಿತು, ಮುಕ್ಕಾಲು ಪಾಲು ಹಾಗಲ.

ಇಷ್ಟೇ ನನ್ನ ಪ್ರವಾಸ. ಶಾಂಭವಿ, ಶರಣು, ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ನಿಮ್ಮಮ್ಮ ಓದಲಿ, ನಿಮ್ಮಪ್ಪ ಓದಲಿ, ಬೇಕಾದರೆ ದೊಡ್ಡವರಾದ ಮೇಲೆ ಇನ್ನೊಮ್ಮೆ ನೀವೂ ಓದಿ ನಗಿರಿ. ಆದರೆ ಪೇಪರ್ ರದ್ದಿಯ ಜೊತೆ ಸೇರಿಸಬೇಡಿ, ಗಾಳಿಗೆ ಹಾರಿ ಪಕ್ಕದ ಕಾಂಪೌಂಡಿಗೆ ಬೀಳಲು ಬಿಡಬೇಡಿ. ನಾನು ಬಾಯಲ್ಲಿ ನಿಜ ಹೇಳಿದಾಗ ಶಕುಂತಲಮ್ಮ ನಂಬಲಿಲ್ಲ. ಬರೆದದ್ದನ್ನು ಓದಿದರೆ ನಂಬಿಬಿಡುತ್ತಾರೆ, ಮರುದಿನವೇ ಹಾಗಲಕಾಯಿ ಎಮ್ಮೆಯ ಮುಂದೆ ಬೀಳುತ್ತದೆ.